ಗರಸಿನ ಇಳಿಜಾರು, ಕಾಡಿನ ಹಾದಿ: ಸೈಕಲ್ ಸವಾರರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಮುಗಿಯುತ್ತಿದ್ದಂತೆ ಸಹ್ಯಾದ್ರಿಯ ಕಾಡುಹಾದಿಗಳಲ್ಲಿ ಸೈಕಲ್ ತುಳಿಯುವ ಕುರಿತು ಪುಣೆ, ಮುಂಬೈ ಮತ್ತು ಗೋವೆಯ ಕನ್ನಡಿಗ ಓದುಗರಿಂದ ಪತ್ರಗಳು ಬಂದಿವೆ. ಅವುಗಳಲ್ಲಿ ನಾಲ್ಕನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಮೊದಲ ಪತ್ರದ ಉತ್ತರ ದೀರ್ಘವಾಗಿದೆ. ಅದರ ಬಹುಭಾಗ ಉಳಿದವರಿಗೂ ಅನ್ವಯಿಸುವುದರಿಂದ ಮೊಟಕುಗೊಳಿಸಿಲ್ಲ.

ಪ್ರಶ್ನೆ: ನಾನು ಮೂಲತಃ ಧಾರವಾಡದವನು, ಈಗ ಪುಣೆಯ ಕೋಥ್ರೂಡ್‌ನಲ್ಲಿದ್ದೇನೆ, ವಯಸ್ಸು 44. ಭಾನುವಾರಗಳಂದು ರೋಡ್ ಬೈಕ್‌ನಲ್ಲಿ (ಡಾಂಬರು ರಸ್ತೆಯ ತೆಳು ಟೈರಿನ ಸೈಕಲ್) ಸಿಂಹಗಡದ ಘಾಟಿ ರಸ್ತೆಯನ್ನು ನಿಲ್ಲದೆ ಏರುತ್ತೇನೆ. ಇತ್ತೀಚೆಗೆ ಮುಂಭಾಗದಲ್ಲಿ ಮಾತ್ರ ಶಾಕ್ (ಕುಲುಕಾಟ ತಗ್ಗಿಸುವ ಸ್ಪ್ರಿಂಗ್ ವ್ಯವಸ್ಥೆ) ಇರುವ ಎಂಟಿಬಿ, ಅಂದರೆ ಗುಡ್ಡದ ಹಾದಿಯ ಮೌಂಟನ್ ಬೈಕ್ ಕೊಂಡೆ. ವೇತಾಳ ಟೇಕಡಿ ಎಂಬ ಗುಡ್ಡದ ಮಣ್ಣುಹಾದಿಯಲ್ಲಿ ಏರುವುದು ಕಷ್ಟವಾಗುತ್ತಿಲ್ಲ. ಇಳಿಯುವಾಗ ಮಾತ್ರ ಮುಂದಿನ ಚಕ್ರ ಜಾರಿ ಬೀಳುತ್ತೇನೆ. ದೀಪಾವಳಿಯ ನಂತರ ಮುಳಶಿ ಜಲಾಶಯದ ಸುತ್ತಲಿನ ಕಾಲುದಾರಿಗಳಲ್ಲಿ ಸಾಗಿ, ತಾಮ್ಹಿಣಿ ಘಾಟಿ ಇಳಿದು ಕೊಂಕಣದ ಮಾಣಗಾವ್ ತಲುಪಬೇಕೆಂಬ ಆಸೆಯಿದೆ. ಹೇಗೆ ಸಿದ್ಧನಾಗಲಿ? — ಒಬ್ಬ ಓದುಗ, ಪುಣೆ

ಉತ್ತರ: ಸಿಂಹಗಡವನ್ನು ನಿಲ್ಲದೆ ಏರುವವರಿಗೆ ಉಸಿರಿನ ಮತ್ತು ಕಾಲಿನ ಶಕ್ತಿಯ ಬಗ್ಗೆ ಹೇಳಬೇಕಾದದ್ದು ಏನೂ ಇಲ್ಲ. ತಮ್ಮ ತೊಂದರೆ ಇರುವುದು ಡಾಂಬರಿನ ಮೇಲೆ ಕಲಿತ ಅಭ್ಯಾಸಗಳಲ್ಲಿ. ಡಾಂಬರಿನ ಮೇಲೆ ಟೈರಿಗೆ ಸಿಗುವ ಹಿಡಿತ ಹೆಚ್ಚುಕಡಿಮೆ ಎಲ್ಲೆಡೆ ಒಂದೇ ಆಗಿರುವುದರಿಂದ ಸವಾರನು ನೆಲದ ಬಗ್ಗೆ ಯೋಚಿಸುವುದೇ ಇಲ್ಲ. ವೇತಾಳ ಟೇಕಡಿಯಾಗಲಿ ಮುಳಶಿಯಾಗಲಿ ಕೂತಿರುವುದು ದಖ್ಖನ್ನಿನ ಲಾವಾ ಶಿಲೆಯ ಮೇಲೆ. ಆ ಕಪ್ಪು ಕಲ್ಲು ಶಿಥಿಲಗೊಂಡಾಗ ಉಂಟಾಗುವ ಪುಡಿಯನ್ನು ಮರಾಠಿಗರು ಮುರುಮ್ ಎನ್ನುತ್ತಾರೆ, ತಮ್ಮ ಧಾರವಾಡದ ಕಡೆ ಗರಸು ಎನ್ನುತ್ತಾರೆ. ಗಟ್ಟಿ ನೆಲದ ಮೇಲೆ ಗರಸಿನ ತೆಳು ಪದರ ಹರಡಿದ್ದಾಗ ಅದರ ಮೇಲೆ ತಿರುಗುವ ಚಕ್ರದ ಸ್ಥಿತಿ, ಅಂಗಳದಲ್ಲಿ ಚೆಲ್ಲಿದ ಜೋಳದ ಕಾಳಿನ ಮೇಲೆ ಕಾಲಿಟ್ಟವನ ಸ್ಥಿತಿಯಂತೆಯೇ ಇರುತ್ತದೆ.

ಬೀಳುವುದಕ್ಕೆ ಮೊದಲ ಕಾರಣ ಬಹುಶಃ ತಿರುವಿನ ಒಳಗೆ ಬ್ರೇಕ್ ಹಿಡಿಯುವುದು. ಟೈರಿಗೆ ನೆಲ ಕೊಡುವ ಹಿಡಿತ ಸೀಮಿತವಾದದ್ದು; ಅದನ್ನು ವೇಗ ತಗ್ಗಿಸಲು ಬಳಸಿದರೆ ತಿರುಗಲು ಉಳಿಯುವುದು ಕಡಿಮೆ. ಆದ್ದರಿಂದ ಸೈಕಲ್ ನೇರವಾಗಿ ಸಾಗುತ್ತಿರುವಾಗಲೇ, ತಿರುವಿಗೆ ಮುಂಚೆಯೇ ವೇಗವನ್ನು ಬೇಕಾದಷ್ಟು ತಗ್ಗಿಸಿ, ತಿರುವಿನಲ್ಲಿ ಬ್ರೇಕನ್ನು ಪೂರ್ತಿ ಅಥವಾ ಬಹುಪಾಲು ಬಿಟ್ಟುಬಿಡಬೇಕು. ಮುಂದಿನ ಬ್ರೇಕಿನ ಭಯದಿಂದ ಹಿಂದಿನದೊಂದನ್ನೇ ಹಿಡಿಯುವವರೂ ಇದ್ದಾರೆ. ಇಳಿಜಾರಿನಲ್ಲಿ ಭಾರ ಮುಂದಿನ ಚಕ್ರದ ಮೇಲೆ ಬೀಳುವುದರಿಂದ ಸೈಕಲನ್ನು ನಿಜವಾಗಿ ತಡೆಯುವುದು ಮುಂದಿನ ಬ್ರೇಕೇ. ಹಿಂದಿನದು ಲಾಕ್ ಆಗಿ ಚಕ್ರವನ್ನು ಎಳೆದಾಡಿಸುತ್ತದೆ, ಜೊತೆಗೆ ಹಾದಿಯಲ್ಲಿ ಒಂದು ಗೀರು ಕೊರೆಯುತ್ತದೆ. ಮುಂದಿನ ಮಳೆಯಲ್ಲಿ ನೀರು ಆ ಗೀರನ್ನೇ ಹಿಡಿದು ಹರಿದು ಕೊರಕಲು ಮಾಡುತ್ತದೆ. ಎರಡನ್ನೂ ಒಂದೊಂದೇ ಬೆರಳಿನಿಂದ, ಒಮ್ಮೆಲೇ ಅಲ್ಲದೆ ಕ್ರಮೇಣ ಒತ್ತುವುದನ್ನು ರೂಢಿಸಿಕೊಳ್ಳಿ.

ಎರಡನೆಯ ಕಾರಣ ಮೈಯ ಭಂಗಿ. ಇಳಿಜಾರು ಕಂಡ ಕೂಡಲೇ ಸೀಟಿನ ಹಿಂದಕ್ಕೆ ಸಾಧ್ಯವಾದಷ್ಟು ಸರಿಯಬೇಕೆಂದು ಅನೇಕರು ಹೇಳಿಕೊಡುತ್ತಾರೆ. ಆ ಸಲಹೆ ಅರ್ಧ ಮಾತ್ರ ಸರಿ. ಅತಿಯಾಗಿ ಹಿಂದೆ ಸರಿದರೆ ಮುಂದಿನ ಚಕ್ರ ಹಗುರಾಗಿ, ಹ್ಯಾಂಡಲ್ ತಿರುಗಿಸಿದರೂ ನೆಲವನ್ನು ಕಚ್ಚುವುದಿಲ್ಲ, ಪಕ್ಕಕ್ಕೆ ಜಾರುತ್ತದೆ. ತಾವು ವರ್ಣಿಸಿರುವುದು ಇದನ್ನೇ ಇರಬೇಕು. ಎರಡೂ ಪೆಡಲ್‌ಗಳನ್ನು ಸಮಮಟ್ಟದಲ್ಲಿಟ್ಟು, ಸೀಟಿನಿಂದ ಎದ್ದು, ದೇಹದ ಭಾರವನ್ನು ಪಾದಗಳ ಮೇಲೆ ಹೊತ್ತು, ಮೊಣಕಾಲು ಮತ್ತು ಮೊಣಕೈಗಳನ್ನು ಬಾಗಿಸಿ, ಎದೆಯನ್ನು ತಗ್ಗಿಸಿ ನಿಂತರೆ ಎರಡು ಚಕ್ರಗಳಿಗೂ ಭಾರ ಹಂಚಿಹೋಗುತ್ತದೆ. ಇಳಿಜಾರು ಕಡಿದಾದಷ್ಟೂ ಸೊಂಟ ಹಿಂದಕ್ಕೆ ಹೋಗಲಿ, ಆದರೆ ಮೊಣಕೈ ನೆಟ್ಟಗಾಗುವಷ್ಟು ಬೇಡ. ಇದಕ್ಕೆಲ್ಲ ಸೀಟು ಅಡ್ಡಬರುತ್ತದೆ. ಇಳಿಯುವ ಮುನ್ನ ಅದನ್ನು ನಾಲ್ಕೈದು ಸೆಂಟಿಮೀಟರ್ ತಗ್ಗಿಸಿ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ಹತ್ತು ಹದಿನೈದು ಅಡಿ ಮುಂದಿನ ನೆಲದ ಮೇಲಿರಲಿ. ತಪ್ಪಿಸಬೇಕಾದ ಕಲ್ಲನ್ನೇ ದಿಟ್ಟಿಸಿದವನು ಅದಕ್ಕೇ ಹೋಗಿ ಗುದ್ದುತ್ತಾನೆ.

ಮೂರನೆಯದು ಟೈರಿನ ಗಾಳಿ. ರೋಡ್ ಬೈಕ್‌ನ ತೆಳು ಟೈರಿಗೆ 80ರಿಂದ 100 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿ ರೂಢಿಯಾದವರು ಎಂಟಿಬಿಗೂ ಕಲ್ಲಿನಂತೆ ಗಟ್ಟಿಯಾಗುವವರೆಗೆ ಪಂಪು ಹೊಡೆಯುತ್ತಾರೆ. 70 ಕಿಲೋ ತೂಕದ ಸವಾರನಿಗೆ, 2.2 ಇಂಚು ಅಗಲದ ಟೈರಿನೊಳಗೆ ಟ್ಯೂಬ್ ಇದ್ದರೆ 28ರಿಂದ 32 ಪಿಎಸ್‌ಐ ಸಾಕು. ಟ್ಯೂಬ್‌ಲೆಸ್ ಆದರೆ ಇನ್ನೂ ನಾಲ್ಕೈದು ಕಡಿಮೆ ಇರಬಹುದು, ಹಿಂದಿನ ಟೈರಿಗೆ ಮುಂದಿನದಕ್ಕಿಂತ ಎರಡು ಹೆಚ್ಚು. ತೀರ ಕಡಿಮೆ ಮಾಡಿದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದ ಗುರುತಿನಂತೆ ಎರಡು ತೂತು ಬೀಳುತ್ತವೆ. ಅಳತೆ ತೋರಿಸುವ ಪಂಪೊಂದನ್ನು ಕೊಳ್ಳಿ. ಹೆಬ್ಬೆರಳಿನಿಂದ ಒತ್ತಿ ನೋಡುವುದು ಡಾಂಬರಿಗೆ ಸರಿ, ಕಾಡಿಗೆ ಸಾಲದು.

ಏರುವುದರ ಬಗ್ಗೆ ಒಂದೇ ಮಾತು: ಸಿಂಹಗಡದಲ್ಲಿ ಮಾಡುವಂತೆ ಎದ್ದು ನಿಂತು ತುಳಿದರೆ ಗರಸಿನಲ್ಲಿ ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತದೆ. ಸೀಟಿನ ಮುಂತುದಿಗೆ ಜರುಗಿ, ಕುಳಿತೇ, ಹಗುರವಾದ ಗೇರಿನಲ್ಲಿ ತುಳಿಯಿರಿ. ಗೇರನ್ನು ಏರು ಆರಂಭವಾಗುವ ಮೊದಲೇ ಬದಲಿಸಿ.

ವೇತಾಳ ಟೇಕಡಿಯನ್ನು ಇಡಿಯಾಗಿ ಸುತ್ತುವ ಬದಲು, ಐವತ್ತು ಮೀಟರ್ ಉದ್ದದ ಒಂದೇ ಇಳಿಜಾರನ್ನು ಆರಿಸಿಕೊಂಡು ಒಂದು ಬೆಳಗಿನಲ್ಲಿ ಅದನ್ನೇ ಮತ್ತೆ ಮತ್ತೆ ಇಳಿಯುವುದು ಹೆಚ್ಚು ಫಲ ಕೊಡುತ್ತದೆ. ಆ ಗುಡ್ಡ ಮುಖ್ಯವಾಗಿ ನಡೆಯುವವರದು; ಮುಂಜಾನೆ ಹಿರಿಯರು ಗುಂಪುಗುಂಪಾಗಿ ಬರುತ್ತಾರೆ. ಅವರು ಎದುರಾದಾಗ ಇಳಿದು ನಿಲ್ಲುವುದು ಸಭ್ಯತೆಯಷ್ಟೇ ಅಲ್ಲ, ನಾಳೆ ಗುಡ್ಡಕ್ಕೆ ಸೈಕಲ್‌ಗಳೇ ಬೇಡವೆಂಬ ದೂರು ಹೋಗದಿರಲು ಇರುವ ಒಂದೇ ದಾರಿಯೂ ಹೌದು. ಕಾತ್ರಜ್‌ನಿಂದ ಸಿಂಹಗಡದವರೆಗಿನ ಗುಡ್ಡಸಾಲು ಚಾರಣಿಗರಲ್ಲಿ ಪ್ರಸಿದ್ಧವಾಗಿದೆ, ಆದರೆ ಅಲ್ಲಿ ಸೈಕಲ್ ತಮ್ಮನ್ನು ಹೊರುವುದಕ್ಕಿಂತ ತಾವು ಸೈಕಲನ್ನು ಹೊರುವುದೇ ಹೆಚ್ಚಾಗುತ್ತದೆ.

ಇನ್ನು ಮುಳಶಿ ಮತ್ತು ತಾಮ್ಹಿಣಿ. ಪುಣೆಯಿಂದ ಪಿರಂಗುಟ್, ಪೌಡ್ ಮೂಲಕ ಮುಳಶಿ, ಅಲ್ಲಿಂದ ಘಾಟಿ ಇಳಿದು ನಿಜಾಮಪುರದ ಮೇಲೆ ಮಾಣಗಾವ್, ಒಟ್ಟು ಸುಮಾರು ನೂರು ಕಿಲೋಮೀಟರ್. ಟಾಟಾ ಕಂಪನಿ ಕಟ್ಟಿದ ಮುಳಶಿ ಜಲಾಶಯದ ನೀರು ಪೂರ್ವಕ್ಕೆ ಹರಿಯದೆ, ಘಟ್ಟದ ಅಂಚಿನಿಂದ ಕೊಳವೆಗಳಲ್ಲಿ ಧುಮುಕಿ ಕೊಂಕಣದ ಭಿರಾದಲ್ಲಿ ವಿದ್ಯುತ್ತಾಗುತ್ತದೆ. ಆ ನೀರು ಬೀಳುವ ಎತ್ತರ ಸುಮಾರು 500 ಮೀಟರ್. ಸಹ್ಯಾದ್ರಿಯ ಪಶ್ಚಿಮದ ಅಂಚು ಅಷ್ಟು ಥಟ್ಟನೆ ಮುಗಿಯುತ್ತದೆ ಎಂಬುದನ್ನು ತಾವು ನೆನಪಿಡಬೇಕಾದದ್ದು ಇದಕ್ಕಾಗಿ: ಫೋನಿನ ನಕ್ಷೆಯಲ್ಲಿ ಕೊಂಕಣದ ಕಡೆಗೆ ಸಾಗುವಂತೆ ಕಾಣುವ ಸಣ್ಣ ಗೆರೆಗಳಲ್ಲಿ ಕೆಲವು ಬಂಡೆಯ ಅಂಚಿನಲ್ಲಿ ನಿಲ್ಲುತ್ತವೆ, ಕೆಲವು ಕೈಯೂರಿ ಇಳಿಯಬೇಕಾದ ಕಲ್ಲುಕೊರಕಲುಗಳಾಗಿರುತ್ತವೆ. ಪಿಂಪ್ರಿ ಹಳ್ಳಿಯಿಂದ ಭಿರಾದ ಕಡೆಗೆ ದಟ್ಟ ಕಾಡಿನೊಳಗೆ ಇಳಿಯುವ ಅಂಧಾರಬನದ ಕಾಲುದಾರಿ ನೋಡಲು ಎಷ್ಟೇ ಸುಂದರವಾಗಿದ್ದರೂ ಸೈಕಲ್ಲಿಗೆ ಹೇಳಿದ್ದಲ್ಲ.

ಕಾನೂನಿನ ವಿಚಾರವೂ ಇದೆ. ತಾಮ್ಹಿಣಿಯ ಕಾಡನ್ನು 2013ರಲ್ಲಿ ವನ್ಯಜೀವಿ ಅಭಯಾರಣ್ಯವೆಂದು ಘೋಷಿಸಲಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 27ನೇ ಕಲಮಿನ ಪ್ರಕಾರ ಅಭಯಾರಣ್ಯದೊಳಗೆ ಪ್ರವೇಶ ನಿರ್ಬಂಧಿತ; ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವುದಕ್ಕೆ ಅಡ್ಡಿಯಿಲ್ಲ. ಅಂದರೆ ಘಾಟಿ ರಸ್ತೆ ಎಲ್ಲರದು, ಅದರ ಪಕ್ಕದ ಕಾಲುದಾರಿ ಹಾಗಲ್ಲ. ಆದ್ದರಿಂದ ಈ ವರ್ಷ ತಾವು ಪೌಡ್ ಮತ್ತು ಮುಳಶಿಯ ನಡುವೆ ಹಳ್ಳಿಯಿಂದ ಹಳ್ಳಿಗೆ ಸಾಗುವ ಕಚ್ಚಾ ರಸ್ತೆಗಳನ್ನು ಮನಸಾರೆ ತುಳಿದು, ಘಾಟಿಯನ್ನು ಡಾಂಬರಿನ ಮೇಲೆಯೇ ಇಳಿಯುವುದು ನನಗೆ ಸರಿಯೆನಿಸುತ್ತದೆ. ಕಚ್ಚಾ ರಸ್ತೆಗಳಲ್ಲೂ ಬೇಲಿ ಹಾಕಿದ ಫಾರ್ಮ್‌ಹೌಸ್ ಜಮೀನುಗಳು ಅಡ್ಡಬರುವುದರಿಂದ, ಹಳ್ಳಿಯವರನ್ನು ಕೇಳಿ ಮುಂದುವರಿಯಿರಿ. ‘ರಸ್ತಾ ಪುಢೇ ಜಾತೋ ಕಾ?’ (ರಸ್ತೆ ಮುಂದೆ ಹೋಗುತ್ತದೆಯೇ?) ಎಂಬ ಒಂದು ಮರಾಠಿ ವಾಕ್ಯ ಅಲ್ಲಿ ಯಾವ ನಕ್ಷೆಗಿಂತಲೂ ಹೆಚ್ಚು ಉಪಕಾರಿ.

ಕಾಲದ ಆಯ್ಕೆ ಚೆನ್ನಾಗಿದೆ. ಪುಣೆ ನಗರದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯಾದರೆ ತಾಮ್ಹಿಣಿಯಲ್ಲಿ ಅದರ ಹಲವು ಪಟ್ಟು ಸುರಿಯುತ್ತದೆ. ಸೆಪ್ಟೆಂಬರ್ ಕಳೆದರೂ ನೆರಳಿನ ಬಂಡೆಗಳ ಮೇಲೆ ಪಾಚಿ ಉಳಿದಿರುತ್ತದೆ. ಅಕ್ಟೋಬರ್ ನಡುವಿನಿಂದ ನವೆಂಬರ್‌ವರೆಗೆ ಮಣ್ಣಿನಲ್ಲಿ ತುಸು ತೇವವಿದ್ದು ಗರಸು ಕಚ್ಚಿಕೊಂಡಿರುತ್ತದೆ, ಟೈರಿಗೆ ಅತ್ಯುತ್ತಮ ಹಿಡಿತ ಸಿಗುವುದು ಆಗಲೇ. ಫೆಬ್ರವರಿಯ ನಂತರ ಅದೇ ಹಾದಿ ಧೂಳೆದ್ದು ಸಡಿಲವಾಗುತ್ತದೆ. ಬಂಡೆಗಳ ಹೆಜ್ಜೇನಿನ ಹುಟ್ಟುಗಳ ಬಳಿ ಹೊಗೆ, ಗದ್ದಲ, ಸುಗಂಧದ್ರವ್ಯ ಯಾವ ಋತುವಿನಲ್ಲೂ ಬೇಡ.

ಘಾಟಿ ಇಳಿಯುವ ಮುಂಚಿನ ದಿನ ಬ್ರೇಕ್ ಪ್ಯಾಡುಗಳನ್ನು ತೆಗೆದು ನೋಡಿ. ಸವೆಯುವ ಪದರ ಒಂದು ಮಿಲಿಮೀಟರಿಗಿಂತ ಕಡಿಮೆ ಉಳಿದಿದ್ದರೆ ಬದಲಿಸಿ. ಉದ್ದದ ಇಳಿಜಾರಿನಲ್ಲಿ ಬ್ರೇಕನ್ನು ಸದಾ ಹಿಡಿದೇ ಇರದೆ, ಗಟ್ಟಿಯಾಗಿ ಹಿಡಿದು ಬಿಡುತ್ತಾ ಹೋದರೆ ಡಿಸ್ಕ್ ತಣ್ಣಗಾಗಲು ಸಮಯ ಸಿಗುತ್ತದೆ. ನಿಂತ ಕೂಡಲೇ ಡಿಸ್ಕನ್ನು ಮುಟ್ಟಬೇಡಿ, ಚರ್ಮ ಸುಡುತ್ತದೆ. ಹೆಲ್ಮೆಟ್ ಮತ್ತು ಕೈಗವಸಿನ ಜೊತೆಗೆ, ಬೀಳುವ ಅಭ್ಯಾಸ ಇನ್ನೂ ಇರುವುದರಿಂದ, ಮೊಣಕಾಲಿನ ಪ್ಯಾಡು ಹಾಕಿಕೊಳ್ಳಿ. ಎರಡು ಟ್ಯೂಬು, ಚೈನು ಜೋಡಿಸುವ ಕೊಂಡಿ, ಮತ್ತು ಹಿಂದಿನ ಗೇರನ್ನು ಚೌಕಟ್ಟಿಗೆ ಹಿಡಿದಿಡುವ ಹ್ಯಾಂಗರ್ ಎಂಬ ಸಣ್ಣ ಭಾಗ ಚೀಲದಲ್ಲಿರಲಿ. ಬಲಕ್ಕೆ ಬಿದ್ದಾಗ ಮೊದಲು ಬಾಗುವುದು ಅದೇ, ಪ್ರತಿ ಸೈಕಲ್ಲಿಗೂ ಅದರ ಆಕಾರ ಬೇರೆಯಾದ್ದರಿಂದ ದಾರಿಯ ಅಂಗಡಿಯಲ್ಲಿ ಸಿಗುವುದಿಲ್ಲ. ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಲೆಕ್ಕದಲ್ಲಿ ಹಿಡಿಯಿರಿ, ಜೊತೆಗೆ ಓಆರ್‌ಎಸ್ ಪೊಟ್ಟಣಗಳು. ಘಾಟಿಯಲ್ಲಿ ಫೋನಿನ ಸಿಗ್ನಲ್ ಅಲ್ಲಲ್ಲಿ ಇಲ್ಲವಾಗುವುದರಿಂದ, ಎಷ್ಟು ಗಂಟೆಯೊಳಗೆ ಸುದ್ದಿ ಬರದಿದ್ದರೆ ಹುಡುಕಬೇಕೆಂಬುದನ್ನು ಮನೆಯವರಿಗೆ ಹೇಳಿಯೇ ಹೊರಡಿ. ಮಾಣಗಾವ್‌ನಲ್ಲಿ ಕೊಂಕಣ ರೈಲಿನ ನಿಲ್ದಾಣವಿದೆ, ಆದರೆ ಸೈಕಲ್ ಸಾಗಿಸುವ ವ್ಯವಸ್ಥೆಯನ್ನು ಮುಂಚೆಯೇ ವಿಚಾರಿಸದೆ ಅದನ್ನೇ ನೆಚ್ಚಿಕೊಂಡು ಇಳಿದುಬಿಡಬೇಡಿ. ಹಿಂದಿರುಗಿ ಘಾಟಿ ಏರುವುದು ಬೇರೆಯೇ ದಿನದ ಕೆಲಸ.

ಪ್ರಶ್ನೆ: ನಮ್ಮ ಮನೆ ಮುಲುಂಡ್‌ನಲ್ಲಿದೆ. ಹತ್ತನೆಯ ತರಗತಿ ಮುಗಿಸಿದ ಮಗ ಗೆಳೆಯರೊಂದಿಗೆ ಯೇವೂರ್ ಗುಡ್ಡ ಮತ್ತು ಬೋರಿವಲಿಯ ರಾಷ್ಟ್ರೀಯ ಉದ್ಯಾನದೊಳಗೆ ಸೈಕಲ್ ಹೊಡೆಯಬೇಕೆನ್ನುತ್ತಾನೆ. ಚಿರತೆಗಳ ಸುದ್ದಿ ಓದಿ ನನಗೆ ದಿಗಿಲು. ಬಿಡಬಹುದೇ? — ಒಬ್ಬ ತಾಯಿ, ಮುಂಬೈ

ಉತ್ತರ: ಬಿಡಬಹುದು ತಾಯಿ, ಆದರೆ ಹಾದಿ ಮತ್ತು ಹೊತ್ತು ಎರಡನ್ನೂ ತಾವೇ ಗೊತ್ತುಮಾಡಿ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ನೂರು ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ವಿಸ್ತಾರವಾದದ್ದು. ಯೇವೂರ್ ಅದರ ಠಾಣೆ ಬದಿಯ ಭಾಗ. ಬೋರಿವಲಿಯ ಮುಖ್ಯದ್ವಾರದಿಂದ ಕಾನ್ಹೇರಿ ಗುಹೆಗಳವರೆಗಿನ ಡಾಂಬರು ರಸ್ತೆಯಲ್ಲಿ ಸೈಕಲ್ಲಿಗೆ ಅವಕಾಶವಿದೆ, ಕೊನೆಯ ಏರು ಹುಡುಗರ ಕಾಲಿಗೆ ಚೆನ್ನಾಗಿಯೇ ಕೆಲಸ ಕೊಡುತ್ತದೆ. ಉದ್ಯಾನಕ್ಕೆ ಸೋಮವಾರ ರಜೆ. ಆ ರಸ್ತೆ ಬಿಟ್ಟು ಕಾಡಿನೊಳಗಿನ ಕಾಲುದಾರಿಗೆ ಅನುಮತಿಯಿಲ್ಲದೆ ಇಳಿಯುವುದು ಅಪರಾಧ, ಯೇವೂರಿನಲ್ಲೂ ಅಷ್ಟೇ. ಹುಡುಗರಿಗೆ ಇದು ಸಪ್ಪೆಯೆನಿಸಬಹುದು. ಗುಹೆಗಳನ್ನೂ ನೋಡಿಬರಲು ಹೇಳಿ: ಒಂಬತ್ತನೆಯ ಶತಮಾನದಲ್ಲಿ ನಮ್ಮ ರಾಷ್ಟ್ರಕೂಟ ದೊರೆ ಅಮೋಘವರ್ಷನ ಆಳ್ವಿಕೆಯನ್ನು ಹೆಸರಿಸುವ ಶಾಸನಗಳು ಅಲ್ಲಿವೆ. ಮುಂಬೈಯ ಎಷ್ಟು ಕನ್ನಡಿಗರು ಅವನ್ನು ಕಂಡಿದ್ದಾರೋ ಕಾಣೆ.

ಚಿರತೆಯ ವಿಷಯದಲ್ಲಿ ದಿಗಿಲಿಗಿಂತ ಕ್ರಮ ಮುಖ್ಯ. ಅದು ಹೆಚ್ಚಾಗಿ ಸಂಜೆ, ರಾತ್ರಿ ಮತ್ತು ನಸುಕಿನಲ್ಲಿ ಓಡಾಡುತ್ತದೆ. ಬಿಸಿಲಿರುವಾಗ ಒಳಗೆ ಹೋಗಿ ಬಿಸಿಲಿರುವಾಗಲೇ ಹೊರಬರಲಿ. ಒಬ್ಬನೇ ಹೋಗುವುದು ಬೇಡ, ಕಿವಿಗೆ ಇಯರ್‌ಫೋನ್ ಬೇಡ. ಪಂಕ್ಚರ್ ಹಾಕಲು ಒಬ್ಬ ಕುಕ್ಕರುಗಾಲಿನಲ್ಲಿ ಕೂತಾಗ ಇನ್ನೊಬ್ಬ ಪಕ್ಕದಲ್ಲಿ ನಿಂತಿರಲಿ, ಏಕೆಂದರೆ ಬಗ್ಗಿ ಕೂತ ಮನುಷ್ಯ ಚಿರತೆಗೆ ಬೇಟೆಯ ಪ್ರಾಣಿಯ ಗಾತ್ರದಲ್ಲಿ ಕಾಣುತ್ತಾನೆ. ಎದುರಾದರೆ ಓಡಬಾರದು, ಸೈಕಲನ್ನು ನಡುವೆ ಹಿಡಿದು ನೆಟ್ಟಗೆ ನಿಂತು ಹಿಂದೆ ಹಿಂದೆ ಸರಿಯಬೇಕು. ನಿತ್ಯದ ಉಪದ್ರವ ಮಾತ್ರ ಕೋತಿಗಳದು. ತಿಂಡಿಯ ಪೊಟ್ಟಣ ಹ್ಯಾಂಡಲಿಗೆ ನೇತಾಡುತ್ತಿದ್ದರೆ ಅವು ಸವಾರನನ್ನೂ ಬೀಳಿಸುತ್ತವೆ.

ಪ್ರಶ್ನೆ: ಹದಿನೈದು ಸಾವಿರ ರೂಪಾಯಿಯೊಳಗೆ ಮುಂದೆ ಹಿಂದೆ ಎರಡೂ ಕಡೆ ಶಾಕ್ ಇರುವ ಸೈಕಲ್ ಸಿಗುತ್ತಿದೆ. ಕಾಡಿನ ಹಾದಿಗೆ ಅದು ಒಳ್ಳೆಯದಲ್ಲವೇ? — ಒಬ್ಬ ಓದುಗ, ಚಿಂಚವಾಡ

ಉತ್ತರ: ಅಲ್ಲ. ಆ ಬೆಲೆಗೆ ಹಿಂದೆ ಕೂರಿಸುವ ಶಾಕ್ ಬರಿಯ ಸ್ಪ್ರಿಂಗ್. ಕುಗ್ಗಿದ ವೇಗದಲ್ಲೇ ಪುಟಿದು ಸವಾರನನ್ನು ಎತ್ತಿ ಹಾಕುತ್ತದೆ, ಏರುವಾಗ ತುಳಿದ ಶಕ್ತಿಯನ್ನೂ ನುಂಗುತ್ತದೆ, ಸೈಕಲಿನ ತೂಕವನ್ನೂ ಹೆಚ್ಚಿಸುತ್ತದೆ. ಅದೇ ಹಣಕ್ಕೆ ಹಿಂಭಾಗದಲ್ಲಿ ಶಾಕ್ ಇಲ್ಲದ, ತಮ್ಮ ಎತ್ತರಕ್ಕೆ ಸರಿಹೊಂದುವ ಚೌಕಟ್ಟಿನ ಸೈಕಲ್ ಕೊಂಡು, ಉಳಿದದ್ದನ್ನು ಒಳ್ಳೆಯ ಟೈರು ಮತ್ತು ಬ್ರೇಕಿಗೆ ಹಾಕಿ. ಹಳೆಯದನ್ನು ಕೊಳ್ಳುವುದಾದರೆ ಹ್ಯಾಂಡಲಿನ ಬುಡ ಮತ್ತು ಪೆಡಲಿನ ಬುಡದ ಬಳಿಯ ಬೆಸುಗೆಗಳಲ್ಲಿ ಬಿರುಕಿದೆಯೇ ಎಂದು ಹಗಲಿನಲ್ಲಿ ನೋಡಿ.

ಪ್ರಶ್ನೆ: ವಾಸ್ಕೋದಲ್ಲಿರುವ ನಾವು ಮೂವರು ಗೆಳೆಯರು ಕುಳೆಯಿಂದ ದೂಧಸಾಗರ ಜಲಪಾತಕ್ಕೆ ಸೈಕಲ್‌ನಲ್ಲಿ ಹೋಗಬೇಕೆಂದಿದ್ದೇವೆ. ರೈಲು ಹಳಿಯ ಪಕ್ಕದ ಹಾದಿ ಹತ್ತಿರವೆಂದು ಕೆಲವರು ಹೇಳುತ್ತಾರೆ. ಬೇಸಿಗೆ ರಜೆಯಲ್ಲಿ ಸತ್ತರಿಯ ಕಾಡುಗಳಿಗೂ ಹೋಗುವ ಯೋಚನೆಯಿದೆ. — ಒಬ್ಬ ಓದುಗ, ಗೋವೆ

ಉತ್ತರ: ಹಳಿಯ ಪಕ್ಕದ ಹಾದಿಯನ್ನು ಮರೆತುಬಿಡಿ. ರೈಲ್ವೆ ಆವರಣಕ್ಕೆ ಅನಧಿಕೃತವಾಗಿ ಪ್ರವೇಶಿಸುವುದು 1989ರ ರೈಲ್ವೆ ಕಾಯಿದೆಯ ಪ್ರಕಾರ ಶಿಕ್ಷಾರ್ಹ. ಅದಿರಲಿ, ಆ ಹಳಿ ಹಾದುಹೋಗುವ ಬ್ರಗಾಂಜಾ ಘಾಟಿನ ಸುರಂಗಗಳಲ್ಲಿ ರೈಲು ಬಂದರೆ ಸೈಕಲ್ ಹಿಡಿದವನು ಸರಿದು ನಿಲ್ಲಲು ಜಾಗ ಸಾಲದು. ಕುಳೆಯಿಂದ ಜಲಪಾತದ ಬುಡಕ್ಕೆ ಜೀಪುಗಳು ಸಾಗುವ ಕಾಡುರಸ್ತೆ ಭಗವಾನ್ ಮಹಾವೀರ ಅಭಯಾರಣ್ಯದೊಳಗಿದೆ, ತೊರೆಗಳನ್ನು ದಾಟುತ್ತದೆ, ಮಳೆಗಾಲದಲ್ಲಿ ಜೀಪುಗಳಿಗೂ ಮುಚ್ಚಿರುತ್ತದೆ. ಅಲ್ಲಿ ಸೈಕಲ್ಲಿಗೆ ಅನುಮತಿ ಕೊಡುತ್ತಾರೋ ಇಲ್ಲವೋ ಎಂಬುದನ್ನು ಮೊಲೆಮ್‌ನ ಅರಣ್ಯ ಕಚೇರಿಯಲ್ಲಿ ಕೇಳಿಯೇ ತೀರ್ಮಾನಿಸಬೇಕು. ಕೊಟ್ಟರೂ ಜೀಪುಗಳ ಧೂಳಿನ ನಡುವೆ ಆ ಸವಾರಿ ಸುಖಕರವಲ್ಲ ಎಂಬುದು ನನ್ನ ಅಭಿಪ್ರಾಯ.

ಅದರ ಬದಲು ಮೊಲೆಮ್ ಕಡೆಯಿಂದ ತಾಂಬ್ಡಿ ಸುರ್ಲಾಕ್ಕೆ ಹೋಗುವ ರಸ್ತೆಯನ್ನು ಆರಿಸಿಕೊಳ್ಳಿ. ವಾಹನಗಳು ಕಡಿಮೆ, ಎರಡೂ ಬದಿ ಕಾಡು, ಕೊನೆಯಲ್ಲಿ ಗೋವೆಯ ಕದಂಬರ ಕಾಲದ ಮಹಾದೇವ ದೇವಾಲಯ. ಗೋವೆಯಲ್ಲಿ ಬಹುಪಾಲು ನೆಲ ಜಂಬಿಟ್ಟಿಗೆಯದಾಗಿದ್ದರೂ ಆ ಗುಡಿ ಕಪ್ಪು ಕಲ್ಲಿನದು. ಜಂಬಿಟ್ಟಿಗೆ ನೆಲ ಒಣಗಿದ್ದಾಗ ಒರಟಾಗಿ ಒಳ್ಳೆಯ ಹಿಡಿತ ಕೊಡುತ್ತದೆ. ಅದರ ಮೇಲೆ ಉರುಳುವ ಸಣ್ಣ ಕೆಂಪು ಹರಳುಗಳೇ ಅಪಾಯ, ಆಗ ಮೇಲೆ ಪುಣೆಯ ಓದುಗರಿಗೆ ಹೇಳಿದ ಬ್ರೇಕಿನ ಕ್ರಮವೇ ಇಲ್ಲಿಯೂ ಅನ್ವಯ. ಕಾಡುಕೋಣ ರಸ್ತೆಗೆ ಬಂದರೆ ದೂರದಲ್ಲೇ ನಿಂತು, ಅದು ತಾನಾಗಿ ದಾಟುವವರೆಗೆ ಕಾಯಿರಿ, ಬೆಲ್ ಬಾರಿಸಬೇಡಿ.

ಬೇಸಿಗೆಯಲ್ಲಿ ಸತ್ತರಿಗೆ ಹೋಗುವುದನ್ನು ನಾನು ಮುಂದೂಡುವಂತೆ ಹೇಳುತ್ತೇನೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ 2015ರಿಂದ ಸತ್ತರಿ ತಾಲೂಕಿನಲ್ಲೂ ಕಾಣಿಸಿಕೊಂಡಿದೆ. ಅದನ್ನು ಹರಡುವ ಉಣ್ಣೆಗಳ ಮರಿಗಳು ಒಣ ತಿಂಗಳುಗಳಲ್ಲಿ, ಮುಖ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ, ತರಗೆಲೆಗಳಲ್ಲಿ ತುಂಬಿರುತ್ತವೆ. ಮೊಣಕಾಲಿನ ಮೇಲಿನ ಚಡ್ಡಿ ತೊಟ್ಟು ಪೊದೆಗಳನ್ನು ಸವರಿಕೊಂಡು ಸಾಗುವ ಸೈಕಲ್ ಸವಾರ ಅವುಗಳಿಗೆ ಸುಲಭದ ತುತ್ತು. ಸತ್ತ ಮಂಗ ಕಂಡ ಜಾಗಕ್ಕೆ ಕಾಲಿಡದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಿ. ಬೇರೆ ಕಾಡಿಗೆ ಹೋದರೂ ಆ ತಿಂಗಳುಗಳಲ್ಲಿ ಉದ್ದನೆಯ ಕಾಲುಚೀಲದೊಳಗೆ ಪ್ಯಾಂಟಿನ ತುದಿ ಸೇರಿಸಿ, ಉಣ್ಣೆಗಳನ್ನು ದೂರವಿಡುವ ಲೇಪ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂತು ಊಟ ಮಾಡಬೇಡಿ. ಮನೆಗೆ ಬಂದೊಡನೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ನೆನೆಹಾಕಿ ಮೈಯನ್ನು ಪರೀಕ್ಷಿಸಿ. ಉಣ್ಣೆ ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ ಸುರಿಯದೆ, ಬೆಂಕಿ ತಾಗಿಸದೆ, ಚಿಮಟಿಗೆಯಿಂದ ಚರ್ಮಕ್ಕೆ ಹತ್ತಿರದಲ್ಲಿ ಹಿಡಿದು ನೇರವಾಗಿ ಎಳೆದು ತೆಗೆಯಿರಿ. ಆಮೇಲಿನ ಒಂದೆರಡು ವಾರಗಳಲ್ಲಿ ಹಠಾತ್ತನೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದ ವಿಚಾರವನ್ನು ವೈದ್ಯರಿಗೆ ಮೊದಲೇ ಹೇಳಿ, ಇಲ್ಲವಾದರೆ ಅವರು ಡೆಂಗಿ ಮತ್ತು ಮಲೇರಿಯಾದ ಪರೀಕ್ಷೆಗಳಿಂದಲೇ ಆರಂಭಿಸುತ್ತಾರೆ.